ತೆರೆಂಗಾನು ಶಾಸನ ನೋಡಲು ಹೋಗುವವರಿಗೆ

ಮಲೇಷ್ಯಾದ ಪೂರ್ವ ಕರಾವಳಿಗೆ ಹೋಗುವವರೆಲ್ಲ ದ್ವೀಪಗಳ ಕಡೆ ಓಡುತ್ತಾರೆ. ದಾರಿಯಲ್ಲೇ ಸಿಗುವ ಕುವಾಲ ತೆರೆಂಗಾನು ಊರಿನ ಮ್ಯೂಸಿಯಂ ಬಿಟ್ಟುಬಿಡುತ್ತಾರೆ. ಅಲ್ಲೊಂದು ಹಳೆಯ ಶಾಸನದ ಕಲ್ಲಿದೆ. ಅದಕ್ಕಾಗಿಯೇ ಒಂದು ದಿನ ಇಟ್ಟುಕೊಳ್ಳಿ.

ಮೊದಲು ಬಸ್ಸಿನ ಮಾತು. ಕೌಲಾಲಂಪುರದಿಂದ ಆರೇಳು ಗಂಟೆ ದಾರಿ. ಶುಕ್ರವಾರ ರಾತ್ರಿಯ ಬಸ್ಸು ಮಾತ್ರ ಹತ್ತಲೇಬೇಡಿ. ರಜೆಗೆ ಊರಿಗೆ ಹೊರಟವರಿಂದ ಬಸ್ಸು ತುಂಬಿರುತ್ತದೆ, ಎಸಿ ಚಳಿಗೆ ಹಲ್ಲು ಕಟಕಟ ಅನ್ನುತ್ತದೆ. ನಮ್ಮನ್ನು ಇನ್ನೂ ಕತ್ತಲಿರುವಾಗಲೇ ಇಳಿಸಿದರು. ಅಂಗಡಿಗಳೆಲ್ಲ ಮುಚ್ಚಿದ್ದವು. ಅಲ್ಲೇ ನಿಂತಿದ್ದ ಟ್ಯಾಕ್ಸಿಯವನು ನಾಲ್ಕು ಹೆಜ್ಜೆ ದೂರಕ್ಕೆ ನಲವತ್ತು ರಿಂಗಿಟ್ ಕಿತ್ತುಕೊಂಡ. ಅದೇ ದಾರಿಗೆ ಮಧ್ಯಾಹ್ನ ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಿದರೆ ಅದರ ಕಾಲುಭಾಗವೂ ಆಗಲಿಲ್ಲ! ಬೆಳಗಿನ ಬಸ್ಸಿಗೆ ಹೊರಡಿ, ಈ ತಲೆನೋವೇ ಇಲ್ಲ. ತೆರೆಂಗಾನು ರಾಜ್ಯದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಕೆಲಸದ ದಿನ. ಮ್ಯೂಸಿಯಂಗೆ ಭಾನುವಾರ ಅಥವಾ ಸೋಮವಾರ ಹೋಗಿ, ಗದ್ದಲ ಇರುವುದಿಲ್ಲ.

ಇನ್ನು ಆ ಕಲ್ಲು. ಇದೇ ರಾಜ್ಯದ ಕುವಾಲ ಬೆರಾಂಗ್ ಊರಿನ ಹತ್ತಿರ ಪ್ರವಾಹ ಇಳಿದ ಮೇಲೆ 1887ರಲ್ಲಿ ಸಿಕ್ಕಿದ್ದು. ಮೇಲಿನ ತುದಿ ಮುರಿದುಹೋಗಿದೆ. ನಾಲ್ಕೂ ಮುಖಗಳಲ್ಲಿ ಬರಹವಿದೆ. ಭಾಷೆ ಮಲಯ, ಲಿಪಿ ಅರಬ್ಬಿಯಿಂದ ಬಂದ ಜಾವಿ. ಇದರ ಕಾಲ ಹಿಜರಿ 702, ಅಂದರೆ ಕ್ರಿ.ಶ. 1303 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಸಾಲದ ಬಗ್ಗೆ, ಹಾದರದ ಬಗ್ಗೆ ಇಸ್ಲಾಮಿನ ಕಟ್ಟಳೆಗಳನ್ನು ಕೊರೆದಿದ್ದಾರೆ. ಆದರೆ ದೇವರನ್ನು ಅಲ್ಲಿ ಕರೆದಿರುವುದು 'ದೇವತಾ ಮುಲಿಯಾ ರಾಯಾ' ಎಂದು! ಪ್ರವಾದಿಯ ಧರ್ಮವನ್ನು ಸಾರುವ ಶಾಸನದಲ್ಲಿ ಸಂಸ್ಕೃತದ 'ದೇವತಾ' ಇರುವ ಇಂಥ ಹೆಸರು ಓದಿ ನಾನು ಅಲ್ಲೇ ನಿಂತುಬಿಟ್ಟೆ. ಹೊಸ ಧರ್ಮ ಬಂದಾಗ ಹಳೆಯ ಮಾತನ್ನು ಅಳಿಸಿಹಾಕಲಿಲ್ಲ, ಅದರಲ್ಲೇ ಜನರಿಗೆ ತಲುಪಿತು. 2009ರಲ್ಲಿ ಯುನೆಸ್ಕೋ ಈ ಕಲ್ಲನ್ನು ಜಗತ್ತಿನ ಅಮೂಲ್ಯ ದಾಖಲೆಗಳ 'ವಿಶ್ವಸ್ಮೃತಿ' ಪಟ್ಟಿಗೆ ಸೇರಿಸಿತು.

ಹೋಗುವ ಮುಂಚೆ ಜಾವಿಯ ಐದು ಅಕ್ಷರ ಕಲಿತುಕೊಳ್ಳಿ. ಅರಬ್ಬಿಯಲ್ಲಿ ಚ, ಪ, ಗ, ಙ, ಞ ಇಲ್ಲ. ಇದ್ದ ಅಕ್ಷರಗಳಿಗೇ ಚುಕ್ಕೆ ಸೇರಿಸಿ ಮಲಯದವರು ಇವನ್ನು ಮಾಡಿಕೊಂಡರು. 'ಫ'ಕ್ಕೆ ಮೂರು ಚುಕ್ಕೆ ಇಟ್ಟರೆ 'ಪ'. ಇಷ್ಟು ಗೊತ್ತಿದ್ದರೆ ಪೇಟೆಯ ಜಾವಿ ಬೋರ್ಡುಗಳು ಸುಮ್ನೆ ಗೀಚಿದ ಹಾಗೆ ಕಾಣುವುದಿಲ್ಲ, ಹೆಸರುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಪುಸ್ತಕದ ಮಲಯ ಕಲಿತು ಹೋದವರಿಗೂ ಇಲ್ಲಿನ ಆಡುಮಾತು ಮೊದಲು ಅರ್ಥವಾಗುವುದಿಲ್ಲ. 'ಮಕಾನ್' (ತಿನ್ನು) ಇಲ್ಲಿ 'ಮಕಾಂಗ್', 'ಇಕಾನ್' (ಮೀನು) ಇಲ್ಲಿ 'ಇಕಾಂಗ್'.

ತಿಂಡಿಗೆ ನಾಸಿ ದಗಾಂಗ್. ಹೋಟೆಲಿನಲ್ಲಿ ಬೇಡ, ರಸ್ತೆ ಬದಿಯ ಗೂಡಂಗಡಿಯಲ್ಲಿ ತಿನ್ನಿ. ನಾವು ತಿಂದ ಕಡೆ ಅಜ್ಜಿಯೊಬ್ಬರು ಹಬೆಯಾಡುವ ಪಾತ್ರೆಯಿಂದ ಅನ್ನ ತೆಗೆದು ಎಲೆ ಮೇಲೆ ಹಾಕುತ್ತಿದ್ದರು. ತೆಂಗಿನಹಾಲಿನಲ್ಲಿ ಬೆಂದ ಅನ್ನ, ನಡುನಡುವೆ ಇಡೀ ಮೆಂತ್ಯಕಾಳು, ಸಣ್ಣ ಈರುಳ್ಳಿ. ಮೇಲೆ ದಪ್ಪ ತುಂಡು ತೊಂಗ್‌ಕೊಲ್ ಮೀನಿನ ಸಾರು, ಪಕ್ಕದಲ್ಲಿ ಸೌತೆಕಾಯಿ ಉಪ್ಪಿನಕಾಯಿ. ಮೆಂತ್ಯದ ಸಣ್ಣ ಕಹಿ ಸಾರಿನ ಖಾರಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತೆ ಅಂದ್ರೆ, ಮತ್ತೊಂದು ಎಲೆ ಕೇಳಿದೆ. ಟೀ ಸೇರಿ ಹತ್ತು ರಿಂಗಿಟ್ ದಾಟಲಿಲ್ಲ. ಬೇಗ ಖಾಲಿಯಾಗುತ್ತದೆ, ಎಂಟು ಗಂಟೆಯೊಳಗೆ ಹೋಗಿ. ಸಸ್ಯಾಹಾರಿಗಳಿಗೆ ಈ ಊರು ಕಷ್ಟ, ಸಾರಿಗೆಲ್ಲ ಮೀನು ಬಿದ್ದಿರುತ್ತದೆ. ಕೇಳಿಕೊಂಡೇ ತಿನ್ನಿ.

ನವೆಂಬರ್‌ನಿಂದ ಜನವರಿವರೆಗೆ ಈ ಕಡೆ ಜೋರು ಮಳೆ, ಪ್ರವಾಹವೂ ಬರುತ್ತದೆ. ಆ ತಿಂಗಳುಗಳನ್ನು ಬಿಟ್ಟು ಟಿಕೆಟ್ ಮಾಡಿಸಿ.