ಚುಚ್ಚುವ ಎದೆನೋವು: ಕ್ಯಾಶುವಲ್ಟಿಯ ಪಾಠ

ಮುಂಬಯಿಯ ಕ್ಯಾಶುವಲ್ಟಿಗೆ ಎದೆ ಹಿಡಿದುಕೊಂಡು ಬರುವ ನಮ್ಮವರು ಅನೇಕರು ಮೊದಲೇ ಈನೋ ಕುಡಿದಿರುತ್ತಾರೆ. "ಚಳುಕು ಅಷ್ಟೇ ಡಾಕ್ಟ್ರೇ, ಗ್ಯಾಸ್ ಇರ್ಬೇಕು" ಅನ್ನುತ್ತಾರೆ. ಇರಲೂಬಹುದು. ಆದರೆ ಕಾರಣ ಹುಡುಕುವ ಮೊದಲು, ಬಂದ 10 ನಿಮಿಷದೊಳಗೆ ಇಸಿಜಿ ಆಗಲೇಬೇಕು. ಅದು ಸರಿಯಿದ್ದರೂ ಹೃದಯಾಘಾತವಿಲ್ಲ ಎಂದು ಹೇಳಲಾಗದು. ನೋವು ಮುಂದುವರಿದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನ್ ಟ್ರೋಪೋನಿನ್. ಅದು ಏರಲು ಸಮಯ ಬೇಕು, ಹಾಗಾಗಿ ಆ ರಕ್ತಪರೀಕ್ಷೆಯನ್ನೂ ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಮಾಡುತ್ತೇವೆ.

ಆಮೇಲೆ ಕೇಳುವ ಮುಖ್ಯ ಪ್ರಶ್ನೆ: ಉಸಿರು ಎಳೆದಾಗ ನೋವು ಹೆಚ್ಚುತ್ತದೆಯೇ? ಹೆಚ್ಚಿದರೆ ಶ್ವಾಸಕೋಶದ ಪೊರೆಯ ಮೇಲೆ ಅನುಮಾನ. ಜ್ವರ, ಕೆಮ್ಮು ಇದ್ದರೆ ನ್ಯುಮೋನಿಯಾ. ವಾರಗಟ್ಟಲೆ ಸಂಜೆ ಜ್ವರ ಬಂದು ತೂಕ ಇಳಿದಿದ್ದರೆ ಟಿಬಿಯಿಂದ ಪೊರೆಯಲ್ಲಿ ನೀರು ತುಂಬಿರಬಹುದು. ತೆಳ್ಳಗೆ ಎತ್ತರದ ಹುಡುಗನಿಗೆ ಒಂದೇ ಬದಿಯಲ್ಲಿ ತಟ್ಟನೆ ನೋವು, ಏದುಸಿರು ಬಂದರೆ ಪೊರೆಯೊಳಗೆ ಗಾಳಿ ಸೇರಿದೆಯೇ ಎಂದು ಎಕ್ಸ್‌ರೇಯಲ್ಲಿ ನೋಡುತ್ತೇವೆ.

ಇವುಗಳಲ್ಲಿ ಸುಲಭವಾಗಿ ತಪ್ಪಿಹೋಗುವುದು ಶ್ವಾಸಕೋಶಕ್ಕೆ ಸಿಕ್ಕಿಕೊಂಡ ರಕ್ತದ ಹೆಪ್ಪು. ಮಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರು, ಇತ್ತೀಚೆಗೆ ಆಪರೇಷನ್ ಆದವರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು: ಇವರ ಮೀನಖಂಡ ಮುಟ್ಟಿ ನೋಡಲೇಬೇಕು. ಒಂದು ಕಾಲು ಮಾತ್ರ ಊದಿದ್ದರೆ ಅದು ದೊಡ್ಡ ಸುಳಿವು, ಊದದಿದ್ದರೂ ಅನುಮಾನ ಬಿಡಬಾರದು. ಎಕ್ಸ್‌ರೇ ಸ್ವಚ್ಛವಾಗಿರಬಹುದು, ಇಸಿಜಿಯಲ್ಲಿ ಬರೀ ವೇಗದ ನಾಡಿ ಕಾಣಬಹುದು. ಸಾಮಾನ್ಯವಾಗಿ ಸಿಟಿ ಆಂಜಿಯೋದಲ್ಲೇ (ರಕ್ತನಾಳಗಳನ್ನು ತೋರಿಸುವ ಸಿಟಿ ಸ್ಕ್ಯಾನ್) ಹೆಪ್ಪು ಸಿಗುವುದು.

ಮಲಗಿದರೆ ಹೆಚ್ಚಿ, ಮುಂದಕ್ಕೆ ಬಾಗಿ ಕೂತರೆ ಇಳಿಯುವ ನೋವು ಹೃದಯದ ಹೊರಪೊರೆಯ ಉರಿಯೂತ ಇರಬಹುದು. ಸೀಳಿದಂತೆ ಒಮ್ಮೆಲೇ ಶುರುವಾಗಿ ಬೆನ್ನಿಗೆ ಹೋದರೆ ಎರಡೂ ತೋಳಿನ ಬಿಪಿ ನೋಡಿ. 20ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಹಾಧಮನಿಯ ಗೋಡೆ ಸೀಳಿರುವ ಅನುಮಾನ ಬಲವಾಗುತ್ತದೆ. ಅಲ್ಲಿ ರಕ್ತ ತೆಳುಮಾಡುವ ಔಷಧ ಕೊಟ್ಟರೆ ಅಪಾಯ. ಪಕ್ಕೆಲುಬಿನ ಸಂದು ಒತ್ತಿದಾಗ ನೋಯುವುದು ಸಾಮಾನ್ಯ, ಆದರೆ ಅದೊಂದೇ ಆಧಾರದ ಮೇಲೆ, ಅದರಲ್ಲೂ ಸಕ್ಕರೆ ಕಾಯಿಲೆಯವರನ್ನು, ಮನೆಗೆ ಕಳಿಸಕೂಡದು.

ಮನೆಯಲ್ಲಿ ನೋವು ಬಂದರೆ 108ಕ್ಕೆ ಕರೆ ಮಾಡಿ, ಲೋಕಲ್ ರೈಲು ಹತ್ತಿಸಬೇಡಿ. ಹೃದಯಾಘಾತದ ಅನುಮಾನವಿದ್ದು ಅಲರ್ಜಿ, ರಕ್ತಸ್ರಾವ, ಬೆನ್ನಿಗೆ ಸೀಳುವ ನೋವು ಯಾವುದೂ ಇಲ್ಲದಿದ್ದರೆ ಆಸ್ಪಿರಿನ್ 300 ಮಿ.ಗ್ರಾಂ. ಜಗಿಸಬಹುದು, 75ರದ್ದಾದರೆ ನಾಲ್ಕು. ಪಕ್ಕದ ಮನೆಯವರ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸುವ ಎದೆನೋವಿನ ಮಾತ್ರೆ) ಮಾತ್ರ ನಾಲಿಗೆಯಡಿ ಇಡಬೇಡಿ, ಬಿಪಿ ಕುಸಿಯಬಹುದು. ಹಳೆಯ ಇಸಿಜಿ ಇದ್ದರೆ ಜೊತೆಗೆ ತನ್ನಿ. ಹೊಸದರ ಪಕ್ಕ ಇಟ್ಟು ನೋಡಿದರೆ ಏನು ಬದಲಾಗಿದೆ ಎಂದು ಬೇಗ ತಿಳಿಯುತ್ತದೆ.