ಮೂರು ವರ್ಷದ ಕೂಸಿಗೆ ಎಂಥ ಐಡಿ?

"ಮೂರು ವರ್ಷದ ಕೂಸಿಗೆ ಎಂಥ ಐಡಿ ಮಾರಾಯ್ರೆ? ನಾನು ಇದರ ಅಜ್ಜಿ."

"ನೀವು ಅಜ್ಜಿ ಅಂತ ನಮಗೆ ಹೇಗೆ ಗೊತ್ತಾಗುತ್ತೆ ಅಮ್ಮ?"

ಈ ವಾರ ವಿಮಾನ ನಿಲ್ದಾಣದ ಪ್ರವೇಶದ್ವಾರದಲ್ಲಿ ನಡೆದ ಮಾತು ಇಷ್ಟೇ. ಕೇಳಿದ ಭದ್ರತಾ ಪಡೆಯ ಜವಾನ ಉತ್ತರದ ಕಡೆಯವನಿರಬೇಕು, ಇಲ್ಲಿಗೆ ಬಂದ ಮೇಲೆ ಕಲಿತ ಕನ್ನಡ. ದನಿ ಏರಿಸಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಅಜ್ಜಿಗೆ ಮಾತ್ರ ಬಾಯಿಂದ ಮಾತೇ ಹೊರಡಲಿಲ್ಲ. ಕೂಸು ಅವರ ಸೆರಗಿನ ತುದಿಯನ್ನು ಬಾಯಲ್ಲಿಟ್ಟುಕೊಂಡು ಜವಾನನ ಮೀಸೆ ನೋಡುತ್ತಾ ನಿಂತಿತ್ತು. ಸಾಲಿನಲ್ಲಿ ಹಿಂದಿದ್ದ ಹುಡುಗನೊಬ್ಬ "ಇಷ್ಟೂ ಗೊತ್ತಿಲ್ಲದೆ ಬರ್ತಾರೆ" ಎಂದು ಗೊಣಗಿದ. ಅವನಿಗೂ ಏನು ಗೊತ್ತಿತ್ತೋ! ಈ ನಿಯಮವನ್ನು ಪೂರ್ತಿ ತಿಳಿದವರು ಕಡಿಮೆ. ಅರ್ಧ ತಿಳಿದವರೇ ಜಾಸ್ತಿ, ಆ ಅರ್ಧವನ್ನೇ ಗಟ್ಟಿಯಾಗಿ ಹೇಳುತ್ತಾರೆ: "ಮಕ್ಕಳಿಗೆ ಐಡಿ ಬೇಡ."

ಅಜ್ಜಿಗೆ ಹಾಗೆ ಹೇಳಿ ಕಳಿಸಿದ್ದು ಪುಣೆಯಲ್ಲಿರುವ ಮಗಳು. ಅವಳು ಹೇಳಿದ್ದು ಸುಳ್ಳೇನಲ್ಲ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಯಲ್ಲಿ ನಿಲ್ದಾಣದ ಒಳಗೆ ಹೋಗಲು 10 ಬಗೆಯ ಗುರುತಿನ ದಾಖಲೆಗಳ ಪಟ್ಟಿ ಇದೆ. ಪಾಸ್‌ಪೋರ್ಟ್, ಮತದಾರರ ಚೀಟಿ, ಆಧಾರ್ ಅಥವಾ ಎಂ-ಆಧಾರ್ (ಮೊಬೈಲ್ ಆ್ಯಪಿನಲ್ಲಿರುವ ಆಧಾರ್), ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ನೌಕರಿಯ ಗುರುತಿನ ಚೀಟಿ, ವಿದ್ಯಾರ್ಥಿ ಗುರುತಿನ ಚೀಟಿ, ರಾಷ್ಟ್ರೀಕೃತ ಬ್ಯಾಂಕಿನ ಫೋಟೊ ಇರುವ ಪಾಸ್‌ಬುಕ್, ಪಿಂಚಣಿ ಕಾರ್ಡ್, ಅಂಗವಿಕಲರ ಗುರುತಿನ ಚೀಟಿ. ಜೊತೆಗೆ ಒಂದು ವಿನಾಯಿತಿ: ತಂದೆ ಅಥವಾ ತಾಯಿ ತಮ್ಮ ಸರಿಯಾದ ಗುರುತಿನ ಚೀಟಿಯೊಂದಿಗೆ ಜೊತೆಗಿದ್ದರೆ ಮಕ್ಕಳಿಗೆ ಬೇರೆ ದಾಖಲೆ ಬೇಡ. ಅಪ್ಪ ಅಥವಾ ಅಮ್ಮ, ಅಷ್ಟೇ. ಅಜ್ಜ, ಅಜ್ಜಿ, ಸೋದರಮಾವ, ಚಿಕ್ಕಮ್ಮ ಯಾರೂ ಅದರೊಳಗೆ ಬರುವುದಿಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಓಡಾಡುವವರು ನಮ್ಮಲ್ಲಿ ಹೆಚ್ಚಾಗಿ ಇವರೇ. ಅಪ್ಪ ಅಮ್ಮನಿಗೆ ರಜೆ ಎಲ್ಲಿ?

ಪಟ್ಟಿಯಲ್ಲಿ ಹತ್ತಿದ್ದರೂ ಮಗುವಿನ ಪಾಲಿಗೆ ಬರುವುದು ಹೆಚ್ಚಾಗಿ ಮೂರೇ: ಪಾಸ್‌ಪೋರ್ಟ್, ಆಧಾರ್, ಶಾಲೆಯ ಗುರುತಿನ ಚೀಟಿ. ಪ್ಯಾನ್ ಕಾರ್ಡನ್ನು ಮಕ್ಕಳ ಹೆಸರಿನಲ್ಲೂ ಮಾಡಿಸುತ್ತಾರೆ, ಆದರೆ ಅಪ್ರಾಪ್ತರ ಪ್ಯಾನ್‌ನಲ್ಲಿ ಫೋಟೊ ಇರುವುದಿಲ್ಲ. ಗೇಟಿನಲ್ಲಿ ಅದು ಕೆಲಸಕ್ಕೆ ಬಾರದು. ಪಾಸ್‌ಪೋರ್ಟ್ ಇದೆ ಎಂದು ನಿಶ್ಚಿಂತೆಯಿಂದ ಇರುವವರು ಅವಧಿ ನೋಡಿಕೊಳ್ಳಬೇಕು. ದೊಡ್ಡವರದು 10 ವರ್ಷ, ಮಕ್ಕಳದು 5 ವರ್ಷ. ಶಾಲೆಯ ಕಾರ್ಡಿನಲ್ಲಿ ಹೋದ ವರ್ಷದ ತರಗತಿ ಇದ್ದರೆ, ಫೋಟೊದ ಮೇಲೆ ಮುದ್ರೆ ಇಲ್ಲದಿದ್ದರೆ ಪ್ರಶ್ನೆ ಏಳುತ್ತದೆ. ಜೂನ್ ತಿಂಗಳಲ್ಲಿ ಹೊಸ ಕಾರ್ಡು ಇನ್ನೂ ಕೈಗೆ ಬಂದಿರುವುದಿಲ್ಲ, ಹಳೆಯದು ಕಳೆದಿರುತ್ತದೆ. ಹಾಗಾಗಿ ಆಧಾರೇ ವಾಸಿ.

ಜನನ ಪ್ರಮಾಣಪತ್ರ ಆ ಹತ್ತರಲ್ಲಿ ಇಲ್ಲ. ಇದು ಅನೇಕರಿಗೆ ಆಶ್ಚರ್ಯ. ಮಗುವಿನ ಮೊದಲ ಸರ್ಕಾರಿ ಕಾಗದವೇ ಅದಾದರೂ ಅದರ ಮೇಲೆ ಮುಖವಿಲ್ಲ, ಗೇಟಿನವನಿಗೆ ಬೇಕಿರುವುದು ಮುಖ. ಟಿಕೆಟಿನಲ್ಲಿರುವ ಹೆಸರು, ಕಾರ್ಡಿನಲ್ಲಿರುವ ಹೆಸರು, ಎದುರಿಗಿರುವ ಮುಖ, ಈ ಮೂರನ್ನು ತಾಳೆ ನೋಡುವುದು ಅವನ ಕೆಲಸ. ಒಳಗೆ ವಿಮಾನ ಕಂಪನಿಯ ಕೌಂಟರಿನಲ್ಲಿ ಕೇಳುವುದು ಬೇರೆ: ವಯಸ್ಸೆಷ್ಟು? ಅಲ್ಲಿ ಜನನ ಪ್ರಮಾಣಪತ್ರಕ್ಕೆ ಬೆಲೆ. ಎರಡೂ ಒಂದೇ ಎಂದುಕೊಂಡು ಒಂದೇ ಕಾಗದ ಹಿಡಿದು ಬಂದವರು ಎರಡರಲ್ಲಿ ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ.

ಮತ್ತೆ ಗೇಟಿಗೆ ಬರೋಣ. ಅಜ್ಜಿ ಮಗಳಿಗೆ ಫೋನ್ ಮಾಡಿದರು. ಅವಳು ಮೀಟಿಂಗಿನಲ್ಲಿದ್ದಳೋ ಏನೋ, ಎರಡು ಸಲ ಎತ್ತಲಿಲ್ಲ. ಆಮೇಲೆ ಕೂಸಿನ ಆಧಾರಿನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಜವಾನ ನೋಡಿ ತಲೆಯಾಡಿಸಿದ: "ಫೋಟೊ ನಡೆಯಲ್ಲ." ಇದು ಹಟಮಾರಿತನ ಅಲ್ಲ. ಮೊಬೈಲಿನಲ್ಲಿರುವ ಫೋಟೊವನ್ನು, ಸ್ಕ್ರೀನ್‌ಶಾಟನ್ನು ಯಾರು ಹೇಗೆ ಬೇಕಾದರೂ ತಿದ್ದಬಹುದು. ಮೊಬೈಲಿನಲ್ಲೇ ತೋರಿಸಬೇಕೆಂದಿದ್ದರೆ ಎಂ-ಆಧಾರ್ ಆ್ಯಪ್ ಅಥವಾ ಸರ್ಕಾರಿ ದಾಖಲೆಗಳನ್ನು ಇಡುವ ಡಿಜಿಲಾಕರ್ ಆ್ಯಪ್ ತೆರೆದು ತೋರಿಸಬೇಕು. ಎಂ-ಆಧಾರ್‌ನಲ್ಲಿ ನಮ್ಮ ಪ್ರೊಫೈಲಿನ ಜೊತೆಗೆ ಅದೇ ಮೊಬೈಲ್ ನಂಬರಿಗೆ ಜೋಡಿಸಿದ ಮಕ್ಕಳ ಪ್ರೊಫೈಲನ್ನೂ ಸೇರಿಸಿಕೊಳ್ಳಬಹುದು. ಇದೆಲ್ಲ ಮಗಳ ಫೋನಿನಲ್ಲಿ ಇತ್ತೆಂದೇ ಇಟ್ಟುಕೊಳ್ಳಿ. ಆ ಫೋನು ಪುಣೆಯಲ್ಲಿತ್ತು.

ಕೊನೆಗೆ ದಾರಿ ತೋರಿಸಿದ್ದು ಪಕ್ಕದಲ್ಲಿ ಟ್ರಾಲಿ ಜೋಡಿಸುತ್ತಿದ್ದ ಹೆಂಗಸು. "ಮಗಳ ಹತ್ರ ಇ-ಆಧಾರ್ ತೆಗೆಸಿ, ಅಲ್ಲಿ ಹೊರಗಿನ ಟಿಕೆಟ್ ಕೌಂಟರಲ್ಲಿ ಪ್ರಿಂಟ್ ಹಾಕಿ ಕೊಡ್ತಾರೆ." ಅಷ್ಟು ಹೊತ್ತು ಸಾಲಿನಲ್ಲಿ ನಿಂತಿದ್ದ ಓದಿದವರಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಗೊಣಗಿದ ಹುಡುಗ ಅಷ್ಟರಲ್ಲಿ ಪಕ್ಕದ ಸಾಲಿಗೆ ಹಾರಿದ್ದ.

ಇ-ಆಧಾರ್ ತೆಗೆಯುವುದು ಕಷ್ಟವಲ್ಲ. ಮೈಆಧಾರ್ ಜಾಲತಾಣದಲ್ಲಿ ಮಗುವಿನ 12 ಅಂಕಿಯ ಸಂಖ್ಯೆ ಹಾಕಿದರೆ ನೋಂದಾಯಿತ ಮೊಬೈಲಿಗೆ ಒಟಿಪಿ ಬರುತ್ತದೆ, ಪಿಡಿಎಫ್ ಇಳಿಯುತ್ತದೆ. ಎಡವುವುದು ಪಾಸ್‌ವರ್ಡಿನಲ್ಲಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ಹಿಂದೆಯೇ ಹುಟ್ಟಿದ ವರ್ಷದ ನಾಲ್ಕು ಅಂಕಿ. ಹೆಸರೇ ಮೂರು ಅಕ್ಷರದ್ದಾಗಿದ್ದರೆ ಆ ಮೂರನ್ನೇ ಹಾಕಬೇಕು. ಗಾಬರಿಯಲ್ಲಿ ಅಮ್ಮಂದಿರು ತಮ್ಮ ಹೆಸರು, ತಮ್ಮ ವರ್ಷ ಹಾಕುತ್ತಾರೆ, ಫೈಲು ತೆರೆಯುವುದಿಲ್ಲ. ಆ ಪಿಡಿಎಫ್‌ನಿಂದ ತೆಗೆದ ಪ್ರಿಂಟು ಅಂಚೆಯಲ್ಲಿ ಬಂದ ಆಧಾರ್ ಪತ್ರದಷ್ಟೇ ಮಾನ್ಯ. ಊರಿನಲ್ಲೇ ಒಂದು ಪ್ರಿಂಟು ತೆಗೆಸಿ ಅಜ್ಜಿಯ ಚೀಲದಲ್ಲಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಪ್ರಿಂಟು ಬಂತು, ಜವಾನ ಟಿಕೆಟಿನ ಹೆಸರನ್ನು ತಾಳೆ ನೋಡಿದ, ಕೂಸಿನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿ ನೋಡಿದ, ಒಳಗೆ ಬಿಟ್ಟ. ಬಹುತೇಕ ದೇಶೀಯ ವಿಮಾನಗಳ ಕೌಂಟರು ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ಅಜ್ಜಿ ಆ ವಯಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಓಡಿದ್ದನ್ನು ನೋಡಬೇಕಿತ್ತು.

ಆದರೆ ಅವನು ಕೇಳಿದ ಪ್ರಶ್ನೆ ಅಲ್ಲೇ ಉಳಿಯಿತಲ್ಲ ಎಂದು ಆಗಿನಿಂದ ಅನ್ನಿಸುತ್ತಿದೆ. "ನೀವು ಅಜ್ಜಿ ಅಂತ ಹೇಗೆ ಗೊತ್ತಾಗುತ್ತೆ?" ಕೂಸಿನ ಆಧಾರಿನಲ್ಲಿ ಕೂಸಿನ ಹೆಸರಿದೆ, ಪುಣೆಯ ವಿಳಾಸವಿದೆ, ಅಪ್ಪನ ಹೆಸರಿದೆ. ಅಜ್ಜಿಯ ಸುಳಿವೇ ಇಲ್ಲ. ಕೂಸು ಟಿಕೆಟಿನಲ್ಲಿರುವ ಕೂಸೇ ಎಂಬುದು ಖಾತ್ರಿಯಾಯಿತು, ಅದನ್ನು ಎತ್ತಿಕೊಂಡಿದ್ದವರು ಅಜ್ಜಿಯೇ ಎಂಬುದು ಖಾತ್ರಿಯಾಗಲಿಲ್ಲ. ಮಕ್ಕಳನ್ನು ಯಾರೋ ಎತ್ತಿಕೊಂಡು ಹೋಗದಿರಲಿ ಎಂಬುದು ಈ ನಿಯಮದ ಉದ್ದೇಶಗಳಲ್ಲಿ ಒಂದಾಗಿದ್ದರೆ, ಪುಟ್ಟ ಮಕ್ಕಳಿಗೆ ಕೊಡುವ ಈ ನೀಲಿ ಆಧಾರ್ ಅದನ್ನು ತಡೆಯುವುದಿಲ್ಲ. ನಮ್ಮಲ್ಲಿ ಯಾವ ಕಾಗದ ಅಜ್ಜಿಯನ್ನು ಅಜ್ಜಿ ಎಂದು ಹೇಳುತ್ತದೆ? ಜನನ ಪ್ರಮಾಣಪತ್ರ ಅಪ್ಪ ಅಮ್ಮನ ಹೆಸರಿಗೆ ನಿಲ್ಲುತ್ತದೆ. ಅಪ್ಪನ ಕಡೆಯ ಅಜ್ಜಿಯಾದರೆ ಪಡಿತರ ಚೀಟಿಯಲ್ಲಿ ಮೊಮ್ಮಗುವಿನ ಜೊತೆ ಇದ್ದಾರು, ಅಮ್ಮನ ಕಡೆಯವರಿಗೆ ಆ ಭಾಗ್ಯವೂ ಇಲ್ಲ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿಕೊಡುತ್ತಾರೆ ನಿಜ, ಅದು ಪೌತಿ ಖಾತೆಗೆ, ಜಮೀನಿನ ಪಾಲಿಗೆ. ಆಸ್ತಿ ಹಂಚುವಾಗ ಬೇಕಾಗುವ ಸಂಬಂಧ ಕೂಸನ್ನು ಎತ್ತಿಕೊಂಡು ಹೋಗುವಾಗ ಯಾವ ಕಾರ್ಡಿನಲ್ಲೂ ಇಲ್ಲ. ಜವಾನನಿಗೂ ಇದು ಗೊತ್ತಿರಬೇಕು. ಪ್ರಿಂಟು ಕೊಟ್ಟಾಗ ಆತ ಕಾಗದಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಕೂಸು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಿದ್ದ ರೀತಿಯನ್ನು.

ಇನ್ನು ನೀಲಿ ಆಧಾರಿನ ಮಾತು. 5 ವರ್ಷದೊಳಗಿನ ಮಕ್ಕಳಿಗೆ ಕೊಡುವ ಬಾಲ ಆಧಾರಿನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಇರುವುದಿಲ್ಲ, ಫೋಟೊ ಮಾತ್ರ. ಜನನ ಪ್ರಮಾಣಪತ್ರ ಮತ್ತು ಅಪ್ಪನದೋ ಅಮ್ಮನದೋ ಆಧಾರ್ ಒಯ್ದರೆ ಆಗುತ್ತದೆ, ಶುಲ್ಕವಿಲ್ಲ. 5 ತುಂಬಿದ ಮೇಲೆ ಹತ್ತೂ ಬೆರಳು, ಎರಡೂ ಕಣ್ಣು, ಹೊಸ ಫೋಟೊ ಕೊಟ್ಟು ನವೀಕರಿಸಬೇಕು, 15 ತುಂಬಿದಾಗ ಇನ್ನೊಮ್ಮೆ. 5ರಿಂದ 7ರೊಳಗೆ ಮಾಡಿಸಿದರೆ ಉಚಿತ, 7 ದಾಟಿದರೂ ಮಾಡಿಸದಿದ್ದರೆ ಆ ಸಂಖ್ಯೆ ನಿಷ್ಕ್ರಿಯವಾಗುವ ಸಾಧ್ಯತೆ ಇದೆ. ಗೇಟಿನಲ್ಲಿ ಕಾಣುವ ತೊಂದರೆ ಇನ್ನೂ ಸರಳವಾದದ್ದು: 11 ವರ್ಷದ ಹುಡುಗನ ಕಾರ್ಡಿನಲ್ಲಿ ದೃಷ್ಟಿಬೊಟ್ಟು ಇಟ್ಟ ಎರಡು ವರ್ಷದ ಮುಖ. ತಾಳೆ ನೋಡುವುದು ಹೇಗೆ?

2 ವರ್ಷದೊಳಗಿನ ಕೂಸುಗಳ ಕಥೆಯೇ ಬೇರೆ. ಇಲ್ಲಿ ಗೇಟಿಗಿಂತ ಕೌಂಟರಿನದೇ ಜೋರು, ಯಾಕೆಂದರೆ ದುಡ್ಡಿನ ಲೆಕ್ಕ. 2 ತುಂಬದ ಮಗು ಮಡಿಲಲ್ಲಿ ಕೂರುತ್ತದೆ, ಸೀಟಿಲ್ಲ, ಪೂರ್ತಿ ದರವಿಲ್ಲ. ಒಬ್ಬ ದೊಡ್ಡವರಿಗೆ ಒಂದೇ ಮಡಿಲ ಕೂಸು. ಅದಕ್ಕೆ ವಯಸ್ಸಿನ ಪುರಾವೆ ತೋರಿಸಲೇಬೇಕು, ಅಪ್ಪ ಅಮ್ಮ ಇಬ್ಬರೂ ಜೊತೆಗಿದ್ದರೂ ಸರಿ. ಜನನ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ಲಸಿಕೆ ಕಾರ್ಡು, ಪಾಸ್‌ಪೋರ್ಟ್ ಇವುಗಳಲ್ಲಿ ಒಂದು. ಏನೂ ಇಲ್ಲದಿದ್ದರೆ ಸೀಟು ತೆಗೆದುಕೊಳ್ಳಿ ಎನ್ನುತ್ತಾರೆ, ಅದೂ ಆ ಹೊತ್ತಿನ ದರದಲ್ಲಿ. ಲೆಕ್ಕಕ್ಕೆ ಬರುವುದು ಪ್ರಯಾಣದ ದಿನದ ವಯಸ್ಸು, ಟಿಕೆಟ್ ತೆಗೆಸಿದ ದಿನದ್ದಲ್ಲ. ಹೋಗುವಾಗ ಮಡಿಲಲ್ಲಿದ್ದ ಮಗು ನಡುವೆ ಹುಟ್ಟುಹಬ್ಬ ಆಚರಿಸಿಕೊಂಡರೆ ಬರುವಾಗ ಅದಕ್ಕೂ ಸೀಟು ಬೇಕು. ಕೂಸಿನ ಹೆಸರು ಟಿಕೆಟಿನಲ್ಲಿ ಇರಲೇಬೇಕು, ಕಂಕುಳಲ್ಲಿದೆಯಲ್ಲ ಎಂದು ಬಿಡುವಂತಿಲ್ಲ.

ಹೆಸರು ಎಂದಾಗ ನಮ್ಮ ಕಡೆಯ ತಾಪತ್ರಯ ಹೇಳಲೇಬೇಕು. ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸುತ್ತೇವೆ, ನಾಮಕರಣ ಕೆಲವರಲ್ಲಿ ಮೂರು ತಿಂಗಳಿಗೆ. ಹಾಗಾಗಿ ಎಷ್ಟೋ ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ಅಮ್ಮನ ಹೆಸರು, ಹುಟ್ಟಿದ ದಿನ ಇರುವುದರಿಂದ ಕೌಂಟರಿನಲ್ಲಿ ಹೇಗೋ ದಾಟಬಹುದು, ಆಧಾರ್ ಮಾಡಿಸಲು ಹೋದಾಗ ನಿಲ್ಲುತ್ತದೆ. ನೋಂದಣಿಯಾಗಿ ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಆಮೇಲಾದರೆ ತಡ ಶುಲ್ಕ ಕೊಟ್ಟು 15 ವರ್ಷದವರೆಗೆ ಸೇರಿಸಬಹುದು. ಇನ್ನೊಂದು ಇನಿಷಿಯಲ್ಲಿನದು. ನಮಗೆ ಸರ್‌ನೇಮ್ ಇಲ್ಲ, ಟಿಕೆಟಿನ ತಾಣಕ್ಕೆ ಅದು ಬೇಕೇ ಬೇಕು. ಅಳಿಯಂದಿರು ಮೊಬೈಲಿನಲ್ಲಿ ಟಿಕೆಟ್ ತೆಗೆಸುವಾಗ ಅಪ್ಪನ ಹೆಸರು ತುರುಕುತ್ತಾರೆ, ಮನೆಯಲ್ಲಿ ಕರೆಯುವ ಹೆಸರು ಹಾಕಿದವರೂ ಇದ್ದಾರೆ. "ಚಿನ್ನು" ಎಂದು ಟಿಕೆಟ್ ಇದ್ದರೆ ಯಾವ ಕಾರ್ಡು ತೋರಿಸುತ್ತೀರಿ? ಮಗುವಿನ ಆಧಾರ್ ಎದುರಿಗಿಟ್ಟುಕೊಂಡು ಅದರಲ್ಲಿರುವಂತೆಯೇ ಟೈಪ್ ಮಾಡಬೇಕು. ತಪ್ಪಿದ್ದರೆ ಚೆಕ್‌ಇನ್ ಮಾಡುವ ಮೊದಲೇ ಕಂಪನಿಗೆ ಫೋನ್ ಮಾಡಿ ತಿದ್ದಿಸಬೇಕು.

ಒಂಟಿಯಾಗಿ ಹೋಗುವ ಮಕ್ಕಳಿಗೆ ವಿನಾಯಿತಿಯ ಪ್ರಶ್ನೆಯೇ ಇಲ್ಲ. ಸಾಮಾನ್ಯವಾಗಿ 5 ವರ್ಷದೊಳಗಿನವರನ್ನು ಒಂಟಿಯಾಗಿ ಹತ್ತಿಸುವುದಿಲ್ಲ. 12ರವರೆಗಿನವರಿಗೆ ಕಂಪನಿಯವರೇ ಕರೆದೊಯ್ದು ಒಪ್ಪಿಸುವ ಸೇವೆ ಇದೆ, ಅದಕ್ಕೆ ಬೇರೆ ಶುಲ್ಕ, ಮೊದಲೇ ತಿಳಿಸಿರಬೇಕು. ಬಿಡುವವರು ಅರ್ಜಿ ತುಂಬಿ ಸಹಿ ಹಾಕಬೇಕು, ಆ ತುದಿಯಲ್ಲಿ ಕರೆದುಕೊಳ್ಳುವವರ ಹೆಸರು ಬರೆಯಬೇಕು. ಅಲ್ಲಿ ಆ ಹೆಸರಿನವರೇ ಗುರುತಿನ ಚೀಟಿ ಹಿಡಿದು ಬರಬೇಕು. ಚಿಕ್ಕಪ್ಪನ ಹೆಸರು ಬರೆದು ಚಿಕ್ಕಮ್ಮನನ್ನು ಕಳಿಸಿದರೆ ಮಗುವನ್ನು ಕೊಡುವುದಿಲ್ಲ, ಕೊಡಲೂಬಾರದು.

ಅಜ್ಜ ಅಜ್ಜಿಯ ಜೊತೆ ಕಳಿಸುವವರು ಒಂದು ಪತ್ರ ಬರೆದಿಟ್ಟರೆ ಒಳ್ಳೆಯದು. ದೇಶದೊಳಗಿನ ಪ್ರಯಾಣಕ್ಕೆ ನಿಯಮ ಇದನ್ನು ಕೇಳುವುದಿಲ್ಲ, ಪತ್ರವೊಂದರಿಂದಲೇ ಗೇಟು ತೆರೆಯುವುದೂ ಇಲ್ಲ, ಮಗುವಿನ ಆಧಾರ್ ಇರಲೇಬೇಕು. ಆದರೂ ಆ ಜವಾನ ಕೇಳಿದ ಪ್ರಶ್ನೆಗೆ ಉತ್ತರಕ್ಕೆ ಹತ್ತಿರ ಬರುವುದು ಇದೊಂದೇ. "ನಮ್ಮ ಮಗಳು ಇಂಥವಳನ್ನು ಇಂಥ ದಿನ, ಇಂಥ ವಿಮಾನದಲ್ಲಿ ಅವಳ ಅಜ್ಜಿ ಇಂಥವರ ಜೊತೆ ಕಳಿಸುತ್ತಿದ್ದೇವೆ" ಎಂದು ನಾಲ್ಕು ಸಾಲು, ಅಪ್ಪ ಅಮ್ಮ ಇಬ್ಬರ ಸಹಿ, ಇಬ್ಬರ ಗುರುತಿನ ಚೀಟಿಯ ನಕಲು, ಜನನ ಪ್ರಮಾಣಪತ್ರದ ನಕಲು. ಕೆಳಗೆ ಇಬ್ಬರ ಫೋನ್ ನಂಬರು. ಆ ಎರಡು ಫೋನಿನಲ್ಲಿ ಒಂದಾದರೂ, ವಿಮಾನ ಹತ್ತುವವರೆಗೆ, ಸೈಲೆಂಟಿನಲ್ಲಿ ಇರಬಾರದು.