‘ಮಗಳೇ ಈಗ ನಿಮಗೆ ತಾಯಿ, ಅಲ್ವಾ?’

ನನಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ಗೊತ್ತಿರುವವರು ಸಿಕ್ಕಾಗ ಮೊದಲು ನನ್ನ ಕೈ ನೋಡುತ್ತಾರೆ. ಆಮೇಲೆ ಮಗಳ ಕಡೆ ತಿರುಗಿ, ಪ್ರೀತಿಯಿಂದಲೇ ಕೇಳುತ್ತಾರೆ: ‘ಈಗ ಮಗಳೇ ನಿಮಗೆ ತಾಯಿ ಆಗಿಬಿಟ್ಟಳು, ಅಲ್ವಾ?’ ಅವಳನ್ನು ಮೆಚ್ಚಿಕೊಂಡೇ ಹೀಗೆ ಕೇಳುತ್ತಾರೆ, ಅದು ನನಗೆ ಗೊತ್ತು. ಆದರೂ ನನ್ನ ಉತ್ತರ ‘ಇಲ್ಲ’. ಯಾಕೆ ಇಲ್ಲ ಅನ್ನುವುದನ್ನು ಬಾಗಿಲಲ್ಲಿ ನಿಂತು ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಗು ಸಾಕುವವರಿಗೆ ಒಂದು ಭರವಸೆ ಇರುತ್ತದೆ. ಇವತ್ತು ಕೈ ಹಿಡಿದು ನಡೆಸಿದರೆ ನಾಳೆ ಅದೇ ಓಡುತ್ತದೆ. ನನ್ನ ಕಾಯಿಲೆ ಹೋಗುವ ದಿಕ್ಕೇ ಬೇರೆ. ಇವತ್ತು ನಾನೇ ಹಾಕಿಕೊಳ್ಳುವ ಅಂಗಿ ಗುಂಡಿಗೆ ಮುಂದೆ ಇನ್ನೊಬ್ಬರ ಕೈ ಬೇಕಾಗುತ್ತದೆ. ನನ್ನನ್ನು ಮಗು ಅಂದುಕೊಂಡು ನೋಡಿಕೊಂಡರೆ, ವರ್ಷ ಕಳೆದ ಹಾಗೆಲ್ಲ ಅವಳಿಗೆ ತಾನೇ ಸೋತೆ ಅನ್ನಿಸುತ್ತದೆ. ಆ ಲೆಕ್ಕವನ್ನು ಅವಳ ತಲೆಗೆ ಕಟ್ಟುವುದು ಅನ್ಯಾಯ. ಇನ್ನೊಂದು ವಿಷಯ. ಮಗುವಿಗೆ ಏನು ಬೇಕು ಅನ್ನುವುದನ್ನು ದೊಡ್ಡವರು ತೀರ್ಮಾನಿಸುತ್ತಾರೆ. ನನ್ನ ಕೈಕಾಲು ನಿಧಾನವಾಗಿರಬಹುದು, ತೀರ್ಮಾನ ಮಾಡುವ ಬುದ್ಧಿ ಇನ್ನೂ ನನ್ನ ಹತ್ತಿರವೇ ಇದೆ.

ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದ. ಅಂದಿನಿಂದ ಇವತ್ತಿನವರೆಗೂ ಜನರಿಗೆ ಇದರ ಗುರುತು ಅಂದರೆ ನಡುಕ. ನಮ್ಮಿಬ್ಬರ ನಡುವೆ ತೊಂದರೆ ತಂದಿದ್ದು ಮಾತ್ರ ನಡುಕ ಅಲ್ಲ, ನನ್ನ ಮುಖ. ಮಿದುಳಿನಲ್ಲಿ ಡೋಪಮೈನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಸಾಯುತ್ತಾ ಹೋದ ಹಾಗೆ, ನಾವು ಯೋಚನೆ ಮಾಡದೆ ಮಾಡುವ ಚಲನೆಗಳು ಕಡಿಮೆಯಾಗುತ್ತವೆ. ನಡೆಯುವಾಗ ಕೈ ಬೀಸುವುದು, ಕಣ್ಣು ಮಿಟುಕಿಸುವುದು, ಒಳ್ಳೆಯ ಸುದ್ದಿ ಕೇಳಿದ ಕೂಡಲೇ ಮುಖ ಅರಳುವುದು, ಎಲ್ಲವೂ. ಒಳಗೆ ಖುಷಿ ಅಷ್ಟೇ ಇರುತ್ತದೆ, ಮುಖಕ್ಕೆ ಬರುವುದಿಲ್ಲ.

ಹುಟ್ಟಿದಾಗಿನಿಂದ ಮಗಳು ಓದಿಕೊಂಡು ಬಂದಿದ್ದು ಈ ಮುಖವನ್ನೇ. ಅಪ್ಪ ಒಪ್ಪಿದನಾ, ಸಿಟ್ಟಾದನಾ, ತಮಾಷೆ ಮಾಡುತ್ತಿದ್ದಾನಾ ಅಂತ ಅವಳು ಬಾಯಿ ಬಿಟ್ಟು ಕೇಳಿದವಳೇ ಅಲ್ಲ. ಕೆಲಸದಲ್ಲಿ ಬಡ್ತಿ ಸಿಕ್ಕಿತು ಅಂತ ಓಡಿ ಬಂದು ಹೇಳಿದಾಗ ನಾನು ಅವಳನ್ನೇ ನೋಡುತ್ತಾ ಕೂತಿದ್ದೆ. ಎದೆ ತುಂಬಿ ಬಂದಿತ್ತು. ಅವಳಿಗೆ ಕಂಡಿದ್ದು ಮಾತ್ರ ಅಲುಗಾಡದ ಮುಖ. ‘ನಿಂಗೆ ಖುಷಿ ಆಗ್ಲಿಲ್ವಾ ಅಪ್ಪ?’ ಅಂದಳು. ಈ ಕಾಯಿಲೆ ಇರುವ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮಕ್ಕಳು ಸುಮ್ಮನೆ ಬೇಜಾರು ಮಾಡಿಕೊಂಡು ದೂರ ಆಗುತ್ತಾರೆ. ಅಪ್ಪನಿಗೆ ಈಗ ಯಾವುದರಲ್ಲೂ ಆಸಕ್ತಿ ಇಲ್ಲ ಅಂದುಕೊಳ್ಳುತ್ತಾರೆ. ಅವಳು ಕೇಳಿದಳಲ್ಲ, ಅದು ನನ್ನ ಪುಣ್ಯ.

ಈಗ ನಾನು ಬಾಯಿಬಿಟ್ಟು ಹೇಳುತ್ತೇನೆ. ‘ತುಂಬಾ ಖುಷಿ ಆಯ್ತು ಪುಟ್ಟಿ.’ ‘ಈ ಮಾತು ನನಗೆ ಇಷ್ಟ ಆಗಲಿಲ್ಲ.’ ‘ನೀನು ಬಂದಿದ್ದು ಒಳ್ಳೆಯದಾಯ್ತು.’ ಇಂಥ ಮಾತುಗಳನ್ನು ಎದುರಿಗೇ ಹೇಳುವ ಅಭ್ಯಾಸ ನನ್ನ ವಯಸ್ಸಿನ ಅಪ್ಪಂದಿರಿಗೆ ಕಡಿಮೆ. ಆದರೆ ಮುಖ ಮಾಡುತ್ತಿದ್ದ ಕೆಲಸವನ್ನು ಈಗ ಮಾತೇ ಮಾಡಬೇಕು. ಆ ಮಾತೂ ಮೆತ್ತಗಾಗಿದೆ. ನನಗೆ ಕೂಗಿ ಹೇಳಿದ ಹಾಗೆ ಅನ್ನಿಸುತ್ತದೆ, ಎದುರಿಗೆ ಇರುವವರಿಗೆ ಪಿಸುಮಾತು ಕೇಳಿಸುತ್ತದೆ. ಇದೂ ಕಾಯಿಲೆಯದೇ ಕೆಲಸ. ‘ಜೋರಾಗಿ ಹೇಳಪ್ಪ’ ಅನ್ನುತ್ತಾಳೆ. ನಾನು ಮತ್ತೆ ಹೇಳುತ್ತೇನೆ. ಹೀಗೆ ಎರಡೆರಡು ಸಲ ಹೇಳಿಸಿಕೊಂಡೇ ನಾವಿಬ್ಬರೂ ಮೊದಲಿಗಿಂತ ಜಾಸ್ತಿ ಮಾತಾಡುತ್ತಿದ್ದೇವೆ.

ಮಾತ್ರೆಯ ವಿಷಯವನ್ನೂ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ಅರ್ಥವಾಗದೇ ಇರುವುದು ಇದೇ. ಡೋಪಮೈನನ್ನು ನುಂಗಿದರೆ ಅದು ಮಿದುಳಿನೊಳಗೆ ಹೋಗುವುದಿಲ್ಲ. ಲೆವೊಡೋಪ ಎಂಬ ಔಷಧಿ ಹೋಗುತ್ತದೆ, ಅಲ್ಲಿ ಡೋಪಮೈನ್ ಆಗಿ ಬದಲಾಗುತ್ತದೆ. 1960ರ ದಶಕದಲ್ಲಿ ಬಂದ ಈ ಔಷಧಿಯೇ ಇವತ್ತಿಗೂ ನಮ್ಮ ಮುಖ್ಯ ಆಸರೆ. ವರ್ಷಗಳು ಕಳೆದ ಹಾಗೆ ಮುಂದಿನ ಮಾತ್ರೆಯ ಹೊತ್ತಿಗೆ ಮೊದಲೇ ಹಿಂದಿನದರ ಬಲ ಇಳಿಯತೊಡಗುತ್ತದೆ. ಹಾಗಾಗಿ ಒಂದೇ ದಿನದಲ್ಲಿ ನಾನು ಇಬ್ಬರು ಮನುಷ್ಯರು. ಒಂದು ಹೊತ್ತಿನಲ್ಲಿ ನಡೆದುಕೊಂಡು ಹೋಗಿ ಬರುತ್ತೇನೆ, ಇನ್ನೊಂದು ಹೊತ್ತಿನಲ್ಲಿ ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಂಡು ಬಿಡುತ್ತದೆ. ಒಂದು ಹೊತ್ತು ಮಾತ್ರ ನೋಡಿ ಹೋದವರು ‘ಚೆನ್ನಾಗೇ ಇದ್ದಾರಲ್ಲ’ ಅನ್ನುತ್ತಾರೆ. ಮಗಳು ಎರಡೂ ಹೊತ್ತನ್ನು ಬಲ್ಲಳು. ನಾನು ಗುಂಡಿ ಹಾಕಿಕೊಳ್ಳುವಾಗ ಪಕ್ಕದಲ್ಲಿ ಕೂತು ಬೇರೆ ಏನೋ ಮಾತಾಡುತ್ತಿರುತ್ತಾಳೆ. ಕೇಳಿದರೆ ಕೈ ಕೊಡುತ್ತಾಳೆ. ಕೇಳದಿದ್ದರೆ ಕಾಯುತ್ತಾಳೆ. ತಾನೇ ಕ್ಷಣದಲ್ಲಿ ಮುಗಿಸಬಹುದಾದ ಕೆಲಸಕ್ಕೆ ಕಾಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅವಳಿಂದ ನನಗೆ ಸಿಗುವ ದೊಡ್ಡ ಸಹಾಯ ಆ ಕಾಯುವಿಕೆಯೇ.

ನಾನು ಇನ್ನೂ ಅಪ್ಪ ಅನ್ನುವುದಕ್ಕೆ ಬರುತ್ತೇನೆ. ಕಾಯಿಲೆ ಗೊತ್ತಾದ ಮೇಲೆ ಅವಳು ತನ್ನ ಕಷ್ಟ ಹೇಳುವುದನ್ನು ನಿಲ್ಲಿಸಿದ್ದಳು. ಆಫೀಸಿನ ಜಗಳ, ಗಂಡನ ಜೊತೆಗಿನ ಮುನಿಸು, ದುಡ್ಡಿನ ಚಿಂತೆ ಯಾವುದೂ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಕೇಳಿದರೆ ‘ಎಲ್ಲ ಚೆನ್ನಾಗಿದೆ’. ಮನಸ್ಸಿಗೆ ಒತ್ತಡ ಆದರೆ ನಡುಕ ಜಾಸ್ತಿ ಆಗುತ್ತದೆ ಎಂದು ಅವಳು ಎಲ್ಲೋ ಓದಿದ್ದಳು. ಅದು ನಿಜವೇ. ಆದರೆ ಗುಂಡಿ ಹಾಕಲು ಬಾರದ್ದಕ್ಕಿಂತ ನೂರು ಪಾಲು ನೋವು ಕೊಟ್ಟಿದ್ದು ಆ ‘ಎಲ್ಲ ಚೆನ್ನಾಗಿದೆ’. ಒಂದು ದಿನ ಕೂರಿಸಿಕೊಂಡು ಹೇಳಿದೆ: ‘ಕೈ ನಡುಗಿದರೆ ನಡುಗಲಿ. ನಿನ್ನ ಕಷ್ಟ ನನ್ನ ಹತ್ತಿರ ಹೇಳಿಕೋ.’ ಅವತ್ತು ಅವಳು ಅತ್ತಿದ್ದು ತನ್ನ ಕೆಲಸದ ವಿಷಯಕ್ಕೆ, ನನ್ನ ಕಾಯಿಲೆಗಲ್ಲ. ನನಗೆ ಅದೇ ಸಮಾಧಾನ. ಈಗ ಸಲಹೆ ಕೇಳುತ್ತಾಳೆ. ಕೇಳಿ, ಅರ್ಧ ಸಲ ತನಗೆ ಸರಿ ಕಂಡಿದ್ದನ್ನೇ ಮಾಡುತ್ತಾಳೆ, ಮೊದಲಿನ ಹಾಗೆಯೇ.

ನನಗೂ ಇದು ಬರುತ್ತದಾ ಎಂದು ಅವಳು ಕೇಳಿದ್ದಾಳೆ. ಬಹುಪಾಲು ಜನರಲ್ಲಿ ಇದು ನೇರವಾಗಿ ವಂಶದಿಂದ ಬರುವ ಕಾಯಿಲೆಯಲ್ಲ. ಎಲ್‌ಆರ್‌ಆರ್‌ಕೆ2 ತರಹದ ಕೆಲವು ಜೀನ್‌ಗಳಲ್ಲಿನ ಬದಲಾವಣೆ ಅಪಾಯವನ್ನು ಹೆಚ್ಚಿಸುತ್ತದೆ, ಆ ಬದಲಾವಣೆ ಇದ್ದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಎಂದೂ ಇಲ್ಲ. ಇದನ್ನು ಮುಚ್ಚಿಡದೆ ಹೇಳಿದೆ. ಮಕ್ಕಳು ಈ ಭಯವನ್ನು ಒಳಗೇ ಇಟ್ಟುಕೊಂಡು ಓಡಾಡಬಾರದು.

ಮುಂದೆ ಕೆಲವರಿಗೆ ನೆನಪು, ಯೋಚನೆಗಳೂ ಮಸುಕಾಗುತ್ತವೆ. ನನಗೂ ಆಗಬಹುದು. ಆಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬುದ್ಧಿ ನೆಟ್ಟಗಿರುವಾಗಲೇ ಬರೆದಿಟ್ಟಿದ್ದೇನೆ. ಅವಳು ಓದಿದ್ದಾಳೆ. ಒಂದನ್ನು ಬಿಟ್ಟು ಎಲ್ಲಕ್ಕೂ ಒಪ್ಪಿದ್ದಾಳೆ. ಸ್ನಾನ, ಬಟ್ಟೆ ಇಂಥ ಕೆಲಸಕ್ಕೆ ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳೋಣ, ನೀನು ಬಂದು ನನ್ನ ಜೊತೆ ಕೂತರೆ ಸಾಕು ಅನ್ನುವುದು ನನ್ನ ಮಾತು. ‘ಅದು ನಾನು ನೋಡ್ಕೊಳ್ತೀನಿ, ನೀನ್ಯಾರು ಹೇಳೋಕೆ’ ಅನ್ನುತ್ತಾಳೆ. ‘ನಾನು ನಿನ್ನಪ್ಪ’ ಅನ್ನುತ್ತೇನೆ. ಈ ಜಗಳ ಇನ್ನೂ ಮುಗಿದಿಲ್ಲ.